ಗಡ್ಡದ ಹಣ್ಣಿನ ಫಲಾಹಾರ

ಸೊಸೆ ಪೂರ್ವಿ ಚಿತ್ರಾನ್ನದ ಬೋಗುಣಿಯ ಮುಚ್ಚಳ ತೆಗೆದಳು. ಪಾರ್ವತೆಮ್ಮನವರ ಚಮಚ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ಸೋಮವಾರದ ಉಪವಾಸ, ಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದು ಬೆಳಿಗ್ಗೆಯೇ ಪಕ್ಕದ ಫ್ಲ್ಯಾಟಿನ ತೆಲುಗಿನವರಿಗೂ ಕೇಳುವಂತೆ ಸಾರಿದ್ದರು. ಕೂಕಟ್‌ಪಲ್ಲಿಯ ಬೀದಿಬದಿಯ ಹಣ್ಣಿನ ಬಂಡಿಯಿಂದ ಪೂರ್ವಿ ಸಿಪ್ಪೆಯ ಮೇಲೆ ನವಿರು ರೋಮವಿರುವ ಪೀಚ್ ಹಣ್ಣು ತಂದಾಗ “ಇದಕ್ಕ ಗಡ್ಡ ಬಂದೈತಲ್ಲವಾ” ಎಂದು ಹಿಂದೆ ಸರಿದಿದ್ದವರು, ಸಿಪ್ಪೆ ಹೋದ ಮೇಲೆ ರಾಜಿಯಾಗಿ ಈಗ ಅದರದೇ ಸೀಕರಣೆ ತಿನ್ನುತ್ತಿದ್ದರು. ಬೆಲ್ಲ, ಏಲಕ್ಕಿ, ತೆಂಗಿನ ಹಾಲು ಎಲ್ಲ ಹದವಾಗಿತ್ತು. ಚಿತ್ರಾನ್ನದಲ್ಲಿದ್ದ ಒಗ್ಗರಣೆಯ ಘಮವೊಂದೇ ಅದರಲ್ಲಿ ಇರಲಿಲ್ಲ.

“ಅದರಾಗೂ ಗಡ್ಡದ ಹಣ್ಣು ಹಾಕಿಯೇನು?”

“ಹೂಂ ಅತ್ತೆ. ಗಟ್ಟಿಯಾಗಿ ಹುಳಿಯಾಗಿದ್ದವನ್ನ ಮಾವಿನಕಾಯಿ ಥರ ತುರಿದು ಹಾಕಿದೀನಿ. ಇದು ನನಗೆ, ನಿಮಗಲ್ಲ.”

ಪಾರ್ವತೆಮ್ಮ ಎದ್ದು ಹೋಗಿ ದೇವರ ಗೂಡಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ತಿರುಗಿ ಬಂದು ಕುಳಿತು, ಸೀಕರಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಖಾಲಿ ತಟ್ಟೆಯೊಂದನ್ನು ಬೋಗುಣಿಯ ಕಡೆಗೆ ತಳ್ಳಿದರು.

“ಅತ್ತೆ, ಅನ್ನ ಇದೆಯಲ್ಲ ಇದರಲ್ಲಿ! ಉಪವಾಸ?”

“ನಾ ಕರದಿದ್ದು ಹಣ್ಣನ್ನ. ಅದರ ಜೋಡಿ ಅನ್ನ ಬಂದೈತಿ. ಮನಿತನಕ ಬಂದವರನ್ನ ಹೊರಗ ನಿಲ್ಲಸಾಕ ಆಗತೈತೇನವಾ?” ಪಾರ್ವತೆಮ್ಮ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. “ಶೇಂಗಾನೂ ಬಂದಿದ್ರ, ಅವಕ್ಕೂ ಒಳಗ ಬಾ ಅನ್ನು.”