ಸಣ್ಣ ಗಾಲಿ

ಮಗಳು ಸುಜಾತಾ ಕೆಮ್ಮಿದ ರೀತಿ ಕೇಳಿಯೇ ಕಪಿಲನ ಕೈಯಲ್ಲಿದ್ದ ಕುಂಚ ಜಾರಿ ಬಿತ್ತು. ಬಗ್ಗಿ ನೋಡಿದ. ಆಗಷ್ಟೇ ವರ್ಷ ತುಂಬಿದ ಮಗಳು ಮೇಜಿನ ಕೆಳಗೆ ಕೂತಿದ್ದಳು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು. ಪಕ್ಕದಲ್ಲಿ ಅವನ ಮಣ್ಣಿನ ಪುಡಿಯ ಡಬ್ಬಿ ಬೋರಲು ಬಿದ್ದಿತ್ತು.

"ಲುಂಬಿನಿ!" ಎಂದು ಹೆಂಡತಿಯನ್ನು ಕೂಗುತ್ತಲೇ ಮಗಳನ್ನು ಮೊಣಕಾಲ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿದ. ಒಳಗಿನಿಂದ ಅವಳು ಓಡಿ ಬಂದಳು. ಮಗುವಿನ ಬಾಯಿಂದ ಕಂದು ಬಣ್ಣದ ಜೊಲ್ಲು ಬಂತು, ಬೇರೇನೂ ಬರಲಿಲ್ಲ. ಕೆಮ್ಮು ಕಡಿಮೆಯಾಯಿತು, ಆದರೆ ಉಸಿರು ಸುಯ್ಯೆನ್ನತೊಡಗಿತು.

"ಏನ್ ನುಂಗ್ಯಾಳ್ರಿ?"

"ಡಬ್ಬಿದಾಗ ಟ್ಯಾಂಕಿಂದು ಸಣ್ಣ ಗಾಲಿ ಒಂದು ಇಟ್ಟಿದ್ದೆ. ಈಗ ಕಾಣವಲ್ದು."

ಕಪಿಲ ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ರಿಪೇರಿ ಮಾಡುವವನು. ರಜೆ ಸಿಕ್ಕಾಗಲೆಲ್ಲ ಪ್ಲಾಸ್ಟಿಕ್ಕಿನ ಬಿಡಿಭಾಗ ಜೋಡಿಸಿ ಗೇಣುದ್ದದ ಯುದ್ಧ ಟ್ಯಾಂಕು ಕಟ್ಟುವುದು ಅವನ ಹುಚ್ಚು. ಬಣ್ಣ ಬಳಿದ ಮೇಲೆಯೇ ಅವನಿಗೆ ಇಷ್ಟದ ಕೆಲಸ ಶುರು: ಹೊಸದಕ್ಕೆ ತುಕ್ಕು ಹಿಡಿಸಬೇಕು, ಗೀರು ಬೀಳಿಸಬೇಕು, ಸೋಸಿದ ಮಣ್ಣನ್ನು ಅಂಟಿನಲ್ಲಿ ಕಲಸಿ ಕೆಸರು ಮೆತ್ತಬೇಕು. "ಮಂದಿ ಹೊಲಸಾದದ್ದು ತೊಳೀತಾರ, ನೀವು ತೊಳದದ್ದು ಹೊಲಸ ಮಾಡ್ತೀರಿ," ಎಂದು ಲುಂಬಿನಿ ನಗುತ್ತಿದ್ದಳು. ಈ ಸಲದ್ದು ಎಪ್ಪತ್ತೊಂದರ ಯುದ್ಧದ ಸೆಂಚೂರಿಯನ್. ಇಡೀ ಬೇಸಿಗೆ ಅದಕ್ಕೇ ಹೋಗಿತ್ತು. ಮುಂದಿನ ವಾರ ಹೈದರಾಬಾದಿನ ಪ್ರದರ್ಶನಕ್ಕೆ ಒಯ್ಯುವವನಿದ್ದ.

ವಾಡಿಯ ದವಾಖಾನೆಯಲ್ಲಿ ಡಾಕ್ಟರ್ ಉಮಾದೇವಿ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಪ್ಲಾಸ್ಟಿಕ್ ಎಕ್ಸರೇದಾಗ ಕಾಣಂಗಿಲ್ಲ. ಈ ಸಪ್ಪಳ ನೆಗಡಿಯಿಂದನೂ ಬರ್ತದ, ಗಾಲಿ ಒಳಗ ಹೋಗಿದ್ರೂ ಬರ್ತದ. ಗಾಲಿನೇ ಅಂದ್ರ ಈಗಿಂದೀಗ ಕಲಬುರಗಿಗಿ ಕಳಸ್ತೀನಿ. ಅಲ್ಲಿ ಮತ್ತು ಬರೂ ಔಷಧ ಕೊಟ್ಟು ಉಸಿರಿನ ನಾಳಕ್ಕ ನಳಿ ಇಳಿಸಿ ನೋಡ್ತಾರ. ಸಣ್ಣ ಕೂಸಿಗಿ ಅದು ಹಗುರ ಕೆಲಸಲ್ಲ. ನುಂಗ್ಯಾಳ ಅಂತ ಖಾತ್ರಿ ಅದ ಏನು?"

ಕಪಿಲ ಒಂದೊಂದೇ ನೆನಪಿಸಿಕೊಂಡು ಹೇಳಿದ. "ಕೆಸರು ಮೆತ್ತುವಾಗ ಒಂದು ಗಾಲಿ ಕಿತ್ತು ಬಂದಿತ್ರಿ. ಡಬ್ಬಿದಾಗ ಹಾಕಿದ್ದು ನೆನಪದ. ತಿರುಗಿ ಅಂಟಿಸಿದೆನೋ ಇಲ್ಲೋ ನೆನಪಿಲ್ಲ. ಅದರ ಮ್ಯಾಲ ಪಕ್ಕದ ಹಲಗಿ ಬರ್ತದ, ಹೊರಗಿಂದ ಕಾಣಂಗಿಲ್ಲ. ಯಾರು ನೋಡ್ತಾರ ಅಂತ ಗಾಲಿ ಇಲ್ದೇ ಹಂಗೇ ಮುಚ್ಚಿದ್ರೂ ಮುಚ್ಚಿರಬೇಕು."

"ಹಲಗಿ ಬಿಚ್ಚಿದ್ರ ತಿಳೀತದೇನ್ರಿ?" ಲುಂಬಿನಿ ಕೇಳಿದಳು.

"ತಿಳೀತದ."

"ಮತ್ತ ಯಾಕ ನಿಂತೀರಿ?"

ಅವನು ನಿಂತಿದ್ದು ಟ್ಯಾಂಕಿನ ಆಸೆಗಲ್ಲ. ಬಿಚ್ಚಿದಾಗ ಅಲ್ಲಿ ಗಾಲಿ ಇರದಿದ್ದರೆ ಎಂಬ ಭಯಕ್ಕೆ. ಬೈಕಿನ ಕೀಲಿ ತೆಗೆದುಕೊಂಡು ಮನೆಗೆ ಓಡಿದ.

ಸೆಂಚೂರಿಯನ್ ಮೇಜಿನ ಮೇಲೆ ಈಗಷ್ಟೇ ಗದ್ದೆ ದಾಟಿ ಬಂದಂತೆ ನಿಂತಿತ್ತು. ಕಪಿಲ ಕೈಚಾಕುವಿನ ಮೊನೆಯನ್ನು ಹಲಗೆಯ ಸಂದಿಗೆ ಹಾಕಿ ಒತ್ತಿದ. ಅದು ಟಪ್ಪನೆ ಮುರಿಯಿತು. ಒಳಗೆ ಮಣ್ಣು ಗಟ್ಟಿಯಾಗಿ ತುಂಬಿಕೊಂಡಿತ್ತು. ಟ್ಯಾಂಕನ್ನೇ ಬಚ್ಚಲಿಗೆ ಒಯ್ದು ನೀರು ಬಿಟ್ಟು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದ. ತುಕ್ಕು ಹೋಯಿತು, ಕೆಸರು ಹೋಯಿತು, ಬೇಸಿಗೆಯೆಲ್ಲ ಕಂದು ನೀರಾಗಿ ಮೋರಿಗೆ ಹರಿಯಿತು. ಒಂದೊಂದೇ ಗಾಲಿ ಕಾಣಿಸಿತು. ಕೊನೆಯ ಜಾಗದಲ್ಲಿ ಬರೀ ಮಣ್ಣು. ಇನ್ನೊಮ್ಮೆ ತಿಕ್ಕಿದ. ಮಣ್ಣಿನ ಹೆಂಟೆ ಕಳಚಿ ಬಿತ್ತು. ಅದರ ಹಿಂದೆ ಕಡಲೆ ಕಾಳಿನಷ್ಟು ದುಂಡಗಿನ, ಕರಿಯ ಗಾಲಿ. ಉಗುರಿನಿಂದ ಎಳೆದ, ಅಲ್ಲಾಡಲಿಲ್ಲ. ಅಂಟಿಸಿದ್ದ!

ಆದರೂ ಸಮಾಧಾನವಾಗದೆ ಇನ್ನೊಂದು ಬದಿಯ ಹಲಗೆಯನ್ನೂ ಮುರಿದು ನೋಡಿದ. ಒಂದೂ ಕಮ್ಮಿ ಇರಲಿಲ್ಲ. ಹೆಂಡತಿಗೆ ಫೋನ್ ಹಚ್ಚಿದ. "ಗಾಲಿ ಅದ ಏನ್ರಿ?" ಎಂದಳು ಲುಂಬಿನಿ. "ಅದ," ಎಂದ. ಆ ಕಡೆಯಿಂದ ಅಳು ಕೇಳಿಸಿತು. ಮಗಳದ್ದಲ್ಲ, ಅವಳದ್ದು.

ನೀರು ತೊಟ್ಟಿಕ್ಕುವ ಟ್ಯಾಂಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ಡಾಕ್ಟರ ಮುಂದೆ ಇಟ್ಟ. ಅವರು ಕನ್ನಡಕ ಏರಿಸಿ ಎರಡೂ ಬದಿಯ ಗಾಲಿಗಳನ್ನು ತಾವೇ ಮುಟ್ಟಿ ನೋಡಿದರು.

"ಡಬ್ಬಿದಾಗ ಮತ್ತೇನಿತ್ತು?"

"ಬರೀ ಮಣ್ಣಿನ ಪುಡಿರಿ."

"ಅದೇ ಬಾಯಾಗ ಹಾಕ್ಕೊಂಡಾಳ. ಪುಡಿ ಗಂಟಲಿಗಿ ಹತ್ತಿ ಕೆಮ್ಮ್ಯಾಳ, ಮ್ಯಾಲ ನೆಗಡಿ ಬ್ಯಾರೆ." ಡಾಕ್ಟರ ಮುಖ ಸಡಿಲವಾಯಿತು. "ಎಲ್ಲಿಗೂ ಕರಕೊಂಡು ಹೋಗೂದು ಬ್ಯಾಡ. ಸಂಜಿ ತನಕ ಇಲ್ಲೇ ಕುಂದ್ರಿ, ನೋಡೂಣು. ಇನ್ನ ಮುಂದ ಆ ಮೇಜಿನ ಹತ್ರ ಕೂಸಿನ್ನ ಬಿಡಬ್ಯಾಡ್ರಿ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ಸುಯ್ಯೆನ್ನುವ ಸದ್ದು ನಿಂತಿತ್ತು, ಮಗಳು ನಿದ್ದೆ ಹೋಗಿದ್ದಳು. ಲುಂಬಿನಿ ಬೆಂಚಿನ ಮೇಲಿದ್ದ ಟ್ಯಾಂಕನ್ನು ಎತ್ತಿ ತಿರುಗಿಸಿ ನೋಡಿದಳು. ಕೆಸರಿಲ್ಲ, ಹಲಗೆಯಿಲ್ಲ, ಬೋಳು ಹಸಿರು. "ಹೈದರಾಬಾದಿಗಿ?" ಎಂದು ಮೆಲ್ಲಗೆ ಕೇಳಿದಳು. "ಮುಂದಿನ ವರ್ಷ," ಎಂದ ಕಪಿಲ, ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ.

ಡಾಕ್ಟರ್ ಕೊನೆಯ ಸಲ ಪರೀಕ್ಷಿಸಲು ಬಂದು ತಣ್ಣನೆಯ ಸ್ಟೆತಾಸ್ಕೋಪ್ ಎದೆಗಿಟ್ಟರು. ಸುಜಾತಾ ಎಚ್ಚರಗೊಂಡಳು. ಪರಿಚಯವಿಲ್ಲದ ಮುಖ ಕಂಡು ಹೊರಗಿನ ರೋಗಿಗಳೆಲ್ಲ ಇಣುಕುವಂತೆ, ಉಸಿರೆಲ್ಲೂ ಸಿಕ್ಕದ ತುಂಬು ದನಿಯಲ್ಲಿ ಕಿರುಚಿ ಅಳತೊಡಗಿದಳು. ಕಪಿಲ ರಮಿಸಲು ಎರಡೂ ಕೈ ಚಾಚಿದ. ಲುಂಬಿನಿ ಅವನ ತೋಳು ಹಿಡಿದು ತಡೆದಳು.

"ಬ್ಯಾಡ್ರಿ. ಒಂದ್ ಗಳಿಗಿ ಅಳಲಿ, ಕೇಳೂಣು."