ದೋಣಿ ಕುಡಿದ ನೀರು

ಅಂಗಳದ ಕೊಡದೊಳಗೆ ನೀರು ಬೀಳುವ ಸದ್ದು ತಟ್ಟನೆ ನಿಂತಿತು. ಹಿತ್ತಲಲ್ಲಿ ಕೂತು ಇನ್ನೊಂದು ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಮಾಯಾ ಧಡಕ್ಕನೆ ಎದ್ದಳು. ಕುಸನೂರಿನ ಆ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಬೇಸಿಗೆಯಲ್ಲಂತೂ ಅನ್ನಕ್ಕಿಟ್ಟು ಇಳಿಸುವಷ್ಟು ಹೊತ್ತು ಬಂದರೆ ಪುಣ್ಯ. ಹುಳಿ ಕೈಯಲ್ಲೇ ಅಂಗಳಕ್ಕೆ ಓಡಿಬಂದಳು. ನಳ ಹೋಗಿರಲಿಲ್ಲ. ಅದರ ಪೈಪು ಕೊಡದ ಬಾಯಿ ಬಿಟ್ಟು, ಅಂಗಳ ದಾಟಿ, ದೋಣಿಯೊಳಗೆ ಇಳಿದಿತ್ತು.

“ರೀ, ಏನ್ ಮಾಡಾಕತ್ತೀರಿ?”

ದೋಣಿಯ ಅಂಚಿನ ಮೇಲೆ ಲುಂಗಿ ಎತ್ತಿ ಕಟ್ಟಿ ಕೂತಿದ್ದ ಗಂಡ ಸುಧಾಕರ ತಲೆ ಎತ್ತಲಿಲ್ಲ. “ಕಟ್ಟಿಗಿ ಒಣಗಿ ಸಂದು ಬಿಟ್ಟದ. ನೀರು ತುಂಬಿಟ್ರ ಉಬ್ಬಿ ಕೂಡ್ತದ. ನಿನಗ ತಿಳಿಯಂಗಿಲ್ಲ, ಸುಮ್ಕಿರು.”

“ವಾರದ ಕುಡಿಯೋ ನೀರ್ರೀ ಅದು!”

“ಫಿಕರ್ ಮಾಡಬ್ಯಾಡ್ರಿ ಭಾಭಿ,” ಎಂದ, ಇನ್ನೊಂದು ತುದಿಯಲ್ಲಿ ಕಾಲು ಚಾಚಿದ್ದ ಅವನ ಗೆಳೆಯ ಸರ್ಫರಾಜ್. “ಮಳಿಗಾಲ ಇನ್ನೇನು ಬಂದೇ ಬಿಡ್ತು. ದೋಣಿ ತಯಾರ್ ಇರಬೇಕಲ್ಲ?”

ದೋಣಿ ಇಬ್ಬರದೂ. ಸುಧಾಕರ ಕಚೇರಿಯ ಗುಮಾಸ್ತ, ಸರ್ಫರಾಜನದು ಗಾದಿ ಅಂಗಡಿ. ಕಮಲಾಪುರದ ಕೆರೆಯಲ್ಲಿ ಆದಿತ್ಯವಾರ ಜನರನ್ನು ಕೂರಿಸಿಕೊಂಡು ದೋಣಿ ಬಿಡುವುದೆಂದು ಹೋದ ಬೇಸಿಗೆಯಲ್ಲಿ ಭೀಮಾ ದಂಡೆಯ ಅಂಬಿಗನೊಬ್ಬನಿಂದ ಕೊಂಡು ತಂದಿದ್ದರು. ಬೇಸಿಗೆಯಲ್ಲಿ ನೆರಳಿಗಿಡ್ರಿ, ಮೇಲೆ ಗೋಣಿತಾಟು ಹಾಸಿ ನೀರು ಚಿಮುಕಿಸ್ರಿ ಎಂದು ಆತ ಕೈಮುಗಿದು ಹೇಳಿದ್ದ. ಓಣಿಯ ಕಣ್ಣಿಗೆ ಬೀಳಲೆಂದು ಇವರು ದೋಣಿಯನ್ನು ಬಿಸಿಲಿಗಿಟ್ಟರು. ಗೋಣಿತಾಟಿಗೆ ಸರ್ಫರಾಜ್ ಹತ್ತಿ ತುಂಬಿ, ತಮ್ಮಿಬ್ಬರ ಬೆನ್ನಿಗೆ ಒಳ್ಳೆಯ ದಿಂಬು ಹೊಲಿದ. ಕಲಬುರಗಿಯ ಬಿಸಿಲು ಬಿಟ್ಟೀತೇ? ಹಲಗೆಗಳು ಹಲ್ಲುದುರಿದ ಬಾಯಂತೆ ಸಂದು ಬಿಟ್ಟವು.

ಬೇಸಿಗೆಯ ಆದಿತ್ಯವಾರಗಳೆಲ್ಲ ಹೀಗೇ ಕಳೆಯುತ್ತಿದ್ದವು. ಇಬ್ಬರೂ ಲೈಫ್ ಜಾಕೆಟ್ ತೊಟ್ಟು, ಅಂಗಳದ ದೋಣಿಯಲ್ಲಿ ಎದುರುಬದುರು ಕೂತು ಚಹಾ ಕುಡಿಯುವರು. ಗಾಳಿ ಯಾವ ಕಡೆಯಿಂದ ಬೀಸಿದರೆ ಹುಟ್ಟು ಹೇಗೆ ಹಾಕಬೇಕೆಂದು ಜಗಳಾಡುವರು. ಆಮೇಲೆ ಕಮಲಾಪುರಕ್ಕೆ ಫೋನು. ಅಲ್ಲಿ ಕೆರೆಯ ಮಗ್ಗುಲಿಗೆ ಸುಧಾಕರನ ತಮ್ಮನ ವರಸೆಯ ಮಾಪಣ್ಣನ ಬಾಳೆತೋಟ.

ಈಗಲೂ ಸುಧಾಕರ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿದ. “ಮಾಪಣ್ಣಾ, ನೀರು ಎಷ್ಟದಪಾ?”

“ಎಮ್ಮಿ ಮಲಗಿದ್ರ ಬೆನ್ನು ನೆನೆಯಂಗಿಲ್ಲ ನೋಡಣ್ಣಾ.”

ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಮಗಳು ಕೂಸಾಗಿದ್ದಾಗ ತೊಟ್ಟಿಲಲ್ಲಿ ಅತ್ತರೂ ಈ ಮನುಷ್ಯ ಹೀಗೆ ಕರಗಿದ್ದನ್ನು ಮಾಯಾ ಕಂಡಿರಲಿಲ್ಲ.

“ಕೆರಿ ಒಂದು ತುಂಬ್ಲಿ ಯಾರ್,” ಸರ್ಫರಾಜ್ ಆಕಾಶದ ಕಡೆ ಕೈ ಎತ್ತಿದ. “ದಂಡಿಗೇ ಬರಂಗಿಲ್ಲ ನಾವು.”

“ಊಟಾನೂ ನೀರಿನ ಮ್ಯಾಲೆ,” ಎಂದ ಸುಧಾಕರ.

ನೀರಿನ ಮೇಲಿನ ಊಟ ಮಾತಿನಲ್ಲೇ ಸಿದ್ಧವಾಗುತ್ತಿದ್ದರೆ, ಇತ್ತ ದೋಣಿ ಒಂದು ಕಡೆ ಕುಡಿದು ನೂರು ಕಡೆ ಉಗುಳುತ್ತಿತ್ತು. ಅಂಗಳ ರಾಡಿಯಾಗಿ, ನೀರು ಹೊಸ್ತಿಲ ಕೆಳಗಿನ ಗಟಾರು ಹಿಡಿದು ಓಣಿಗೆ ಹರಿಯಿತು. ಎದುರು ಮನೆಯ ಗುಂಡಮ್ಮ ಆಡು ಹಿಡಿದುಕೊಂಡು ಬಂದು ನಿಂತಳು.

“ಮಾಯಾ, ನಿಮ್ಮ ಸಮುದ್ರ ನಮ್ಮ ಬಾಗಲ ತನಕ ಬಂತಲ್ಲವಾ! ನನ್ನ ಆಡಿಗಿ ಈಜು ಬರಂಗಿಲ್ಲ, ನಿಮ್ಮವರಿಗಿ ಹೇಳಿ ದಾಟಸು.”

ಮಾಯಾ ರಾಡಿಯಲ್ಲೇ ಕಾಲಿಟ್ಟು ಹೋಗಿ ಪೈಪನ್ನು ಕಿತ್ತುಕೊಂಡಳು. ಅದನ್ನು ಕೊಡದ ಬಾಯಿಗಿಡುವುದಕ್ಕೂ, ಅದು ಗೊರ್ ಎಂದು ಗಾಳಿ ಉಗುಳುವುದಕ್ಕೂ ಸರಿಹೋಯಿತು. ಕೊಡದ ಕುತ್ತಿಗೆಗೂ ಬಂದಿರಲಿಲ್ಲ ನೀರು. ಇನ್ನು ಮುಂದಿನ ವಾರ.

“ಭಾಭಿ, ಬಿಸಿಲಿಗೆ ಗಂಟಲಾ ಒಣಗ್ಯಾದ. ಒಂದೊಂದು ಕಪ್ ಚಾ ಆಗ್ತಿತ್ತು,” ಎಂದ ಸರ್ಫರಾಜ್.

“ದೋಣಿ ಹಿಂಡಿ ಕೊಡ್ರಿ ಭಾಯಿ, ಮಾಡ್ತೀನಿ.”

ಗುಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸುಧಾಕರನ ಮುಖ ಬಿಗಿಯಿತು. “ನಗ್ರಿ, ನಗ್ರಿ. ಕೆರಿ ತುಂಬಿದ ಮರುದಿನ ದೋಣಿ ನೀರಾಗ ಇಲ್ಲಂದ್ರ ನನ್ನ ಹೆಸರು ಸುಧಾಕರ ಅಲ್ಲ. ಈ ಹೆಂಗಸರಿಗಿ ನೀರಿನ ಹಂಬಲ ಏನು ಗೊತ್ತು!”

ಮಾಯಾ ಅರೆಗೊಡ ಸೊಂಟಕ್ಕೇರಿಸಿ ಒಳಗೆ ಹೊರಟಳು. ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಹೋದ ಮಳೆಗಾಲದಿಂದಲೂ ಬರುತ್ತಿತ್ತು, ಅವಳು ನುಂಗುತ್ತಿದ್ದಳು. ಮಗಳ ಮುಂದೆ ಅಪ್ಪನ ಮಾನ ಯಾಕೆ ಕಳೆಯಬೇಕು ಎಂದು.

ಮಗಳು ತ್ರಿವೇಣಿ ಮೆಟ್ಟಿಲ ಮೇಲೆ ಕೂತಿದ್ದಳು. ದೋಣಿ ಬಂದ ದಿನ ಅವಳಿಗೂ ಒಂದು ಪುಟ್ಟ ಲೈಫ್ ಜಾಕೆಟ್ ಬಂದಿತ್ತು. ಪ್ರತಿ ಆದಿತ್ಯವಾರ ಎದ್ದವಳೇ ಅದನ್ನು ತೊಟ್ಟು ಕೂರುವಳು. ಇವತ್ತು ಅದರ ಪಟ್ಟಿ ಎದೆಗೆ ಮುಟ್ಟುತ್ತಿರಲಿಲ್ಲ. ಮಾಯಾ ಕೊಡ ಇಳಿಸಿ, ಹುಳಿ ಕೈಯನ್ನು ಸೀರೆಗೆ ಒರೆಸಿ, ಪಟ್ಟಿ ಎಳೆದು ನೋಡಿದಳು. ಹತ್ತಲಿಲ್ಲ. “ಬಿಡು ಚಿನ್ನಾ, ಬಿಗೀತದ,” ಎಂದು ಮೆಲ್ಲಗೆ ತೋಳುಗಳಿಂದ ಬಿಡಿಸಿದಳು.

ತ್ರಿವೇಣಿ ಆ ಜಾಕೆಟನ್ನು ಮಡಿಲಲ್ಲಿಟ್ಟುಕೊಂಡು, ದೋಣಿಯೊಳಗಿನ ಇಬ್ಬರನ್ನೂ ಒಂದು ಗಳಿಗೆ ನೋಡಿ, ಸಾಲೆಯಲ್ಲಿ ಪ್ರಶ್ನೆ ಕೇಳುವ ಹಾಗೆ ಎದ್ದು ನಿಂತಳು.

“ಪಪ್ಪಾ, ಹೋದ ಮಳಿಗಾಲದಾಗ ಕೆರಿ ತುಂಬಿ ಹರಿದಾಗ ಮಾಪಣ್ಣ ಕಾಕಾ ದಿನಾ ಫೋನ್ ಮಾಡ್ತಿದ್ರಲ್ಲ, ಆಗ ನೀವು ಯಾಕ ಎತ್ತಲಿಲ್ಲ?”