ಕದ್ದ ಜೋಗುಳ

ಹೊನ್ನಾವರದ ಪ್ರವಾಸಿ ಬಂಗಲೆಯ ಮೆಟ್ಟಿಲ ಮೇಲೆ ನಾಗಿ ಮೀನಿನ ಬುಟ್ಟಿಯನ್ನು ಕುಕ್ಕಿದಳು. ಒಳಗಿನಿಂದ ಬರುತ್ತಿದ್ದುದು ಅವಳದೇ ಜೋಗುಳ. ಕೇಳಿ ಮೈಯೆಲ್ಲ ಉರಿದುಹೋಯಿತು.

ಹೆತ್ತ ಅವ್ವಿ ಅವಳಿಗೆ ಬಿಟ್ಟುಹೋದ ಆಸ್ತಿ ಅದೊಂದೇ. ನಾಗಿ ಮೊಲೆ ಬಿಡುವ ಮೊದಲೇ ಅವ್ವಿ ಸತ್ತಳು. ಅವ್ವಿಯೇ ಕಟ್ಟಿದ ಹಾಡನ್ನು ನಾಗಿಗೆ ಕಲಿಸಿದ್ದು ಅಜ್ಜಿ. ಕೊನೆಯ ಸಾಲಿನಲ್ಲಿ ಮಲಗಿಸುವ ಮಗುವಿನ ಹೆಸರು ಹಾಕಬೇಕು. ಮೂವತ್ತಮೂರು ತುಂಬಿದರೂ ನಾಗಿ ಅದನ್ನು ಹೊರಗಿನವರ ಬಾಯಿಗೆ ಕೊಟ್ಟವಳಲ್ಲ. ಹೋದ ತಿಂಗಳು ಪಕ್ಕದ ಮನೆ ಗಂಗಿಯ ಕೂಸು ದೇವು ಜ್ವರದಲ್ಲಿ ಕಣ್ಣು ಮುಚ್ಚದೆ ಅತ್ತಾಗ, ಕರುಳು ಕೇಳದೆ ಗಂಗಿಯೊಬ್ಬಳಿಗೆ ಕಲಿಸಿದ್ದಳು. ಅದೂ ಇಡಗುಂಜಿ ಗಣಪನ ಆಣೆ ಹಾಕಿಸಿ.

ಹಾವಿಗೆ ಹಾಲೆರೆದ ಹಾಗಾಯಿತು.

ಕೋಣೆಯಲ್ಲಿ ಧಾರವಾಡದ ಪ್ರೊಫೆಸರರೊಬ್ಬರೇ ಇದ್ದರು. ಮೇಜಿನ ಮೇಲೆ ತುತ್ತೂರಿ ಸಿಕ್ಕಿಸಿದ ಪೆಟ್ಟಿಗೆ, ಅದರಲ್ಲಿ ತಿರುಗುತ್ತ ಹಾಡುವ, ದನಿ ಹಿಡಿದಿಟ್ಟ ಮೇಣದ ಕೊಳವೆ. ಭಟ್ಕಳದ ನವಾಯತರ ಜೋಗುಳ, ಕುಮಟೆಯ ಕೊಂಕಣಿಗರ ಜೋಗುಳ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಧಾಟಿ ತೂಗಿ ನೋಡುವ ವಿದ್ವಾಂಸರು.

“ಇದ ಹಾಡದವ್ಳು ಯಾರು, ಮಾಸ್ತರೇ?”

ಅವರು ಎದ್ದೇ ನಿಂತರು. “ನಿಮಗೆ ಗೊತ್ತೇ ತಾಯಿ? ನಾನೂ ಅದನ್ನೇ ಕೇಳಿಕೊಂಡು ಇಲ್ಲಿ ಕೇರಿ ಕೇರಿ ಅಲೆಯುತ್ತಿದ್ದೇನೆ.”

ಕಲಿತವರ ನಾಟಕ ನೋಡಿ. ಹಾಡಿಸಿಕೊಂಡವರಿಗೆ ಹಾಡಿದವಳು ಗೊತ್ತಿಲ್ಲವಂತೆ.

ಪೆಟ್ಟಿಗೆಯ ದನಿ ಕರಕರ ಎನ್ನುತ್ತಿತ್ತು, ಗುರುತು ಹತ್ತುವಂತಿರಲಿಲ್ಲ. ಅಷ್ಟರಲ್ಲಿ ಹಾಡಿನ ನಡುವೆ ಹಸುಗೂಸೊಂದು ಕಿಟಾರನೆ ಅತ್ತಿತು. ಇನ್ನೇನು ಸಾಕ್ಷಿ ಬೇಕು? ನಾಚಿಕೆಗೆಟ್ಟ ಗಂಗಿ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಇಲ್ಲಿ ಕೂತು ಹಾಡಿದ್ದಾಳೆ.

“ಕೊನೆಯ ಸಾಲು ಕೇಳಿ, ಅದರಿಂದ ಗುರುತು ಸಿಗಬಹುದು,” ಎಂದರು ಪ್ರೊಫೆಸರರು.

ಅಲ್ಲಿ ದೇವುವಿನ ಹೆಸರು ಬರುತ್ತದೆ. ಅದನ್ನೂ ಕೇಳಿ ಹೊಟ್ಟೆ ಉರಿಸಿಕೊಳ್ಳಬೇಕೇ?

“ಎಂತ ಕೇಳೂದು? ಇದು ನನ್ನ ಅವ್ವಿ ಹಾಡು. ಊರ ಮಂದಿಗೆ ಹಂಚೂಕೆ ನಾ ಬಿಡೂದಿಲ್ಲ.”

“ನಿಮ್ಮ ತಾಯಿಯದೇ?” ಎಂದು ಅವರು ಮುಂದೆ ಬರುವಷ್ಟರಲ್ಲಿ ನಾಗಿ ಕೊಳವೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದ್ದಳು. ಮೇಣ ಚೂರುಚೂರಾಯಿತು.

“ಇನ್ನೊಂದು ಇದ್ರೆ ಅದ್ನೂ ಕೊಡಿ.”

“ಇದ್ದದ್ದು ಇದೊಂದೇ.” ಅವರು ಬಗ್ಗಿ ಚೂರುಗಳನ್ನು ಆಯತೊಡಗಿದರು.

“ಆತು. ಪೀಡೆ ತೊಲಗ್ತು.” ನಾಗಿ ಬಾಗಿಲಿಗೆ ತಿರುಗಿದಳು. ಇನ್ನು ಗಂಗಿಯ ಜುಟ್ಟು ಹಿಡಿಯುವುದೊಂದು ಬಾಕಿ.

“ನಿಲ್ಲಿ.” ಪ್ರೊಫೆಸರರು ಹಳದಿ ಬಿದ್ದ ಟಿಪ್ಪಣಿ ಪುಸ್ತಕವೊಂದನ್ನು ತೆರೆದರು. “ಇದು ತೀರಿಹೋದ ನನ್ನ ಗುರುಗಳ ಕೈಬರಹ. ಕೊಳವೆಯೂ ಅವರದೇ.” ಬೆರಳಿಟ್ಟು ನಿಧಾನವಾಗಿ ಓದಿದರು:

“ಇಸವಿ ೧೯೧೩, ಹೊನ್ನಾವರ ಬಂದರು. ಹಾಡಿದವಳು ತನ್ನ ಹೆಸರು ಹೇಳಲಿಲ್ಲ; ಮಡಿಲಲ್ಲಿ ಅಳುತ್ತಿದ್ದ ಕೂಸಿನ ಹೆಸರು ಮಾತ್ರ ಕೊನೆಯ ಸಾಲಿನಲ್ಲಿದೆ: ನಾಗಿ.”